ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಹೆವಿ ಮೆಟಲ್ ಕೇಳಲು ಯಾವ ಸ್ಪೀಕರ್ ಒಳ್ಳೆಯದು?

ಹಾಸನದ ಅಂಗಡಿಯಾಗಲಿ, ಚಿಕ್ಕಮಗಳೂರಿನ ಅಂಗಡಿಯಾಗಲಿ, ಸ್ಪೀಕರ್ ಕೇಳಿದರೆ ಸಿಗುವ ಮೊದಲ ಮಾತು ಒಂದೇ: "ಬೇಸ್ ಸಖತ್ತಾಗಿ ಹೊಡೆಯೋದು ಕೊಡ್ತೀನಿ ಸಾರ್." ಆಮೇಲೆ ಎದೆ ಅದುರುವ ಹಾಗೆ ಒಂದು ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ. ಅದನ್ನೇ ಮನೆಗೆ ತಂದು ಹೆವಿ ಮೆಟಲ್‌ನಲ್ಲೇ ಅತಿ ಒರಟಾದ ಡೆತ್ ಮೆಟಲ್ ಹಾಕಿ ನೋಡಿ. ಡ್ರಮ್ಮು, ಬೇಸ್ ಗಿಟಾರು, ರಿಫ್ಫು (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕು) ಎಲ್ಲ ಒಂದರೊಳಗೊಂದು ಕಲಸಿಹೋಗಿ ಗುಂಯ್ ಅನ್ನುವ ಸದ್ದಷ್ಟೇ ಉಳಿಯುತ್ತದೆ. ಮೆಟಲ್ ಕೇಳುವವರು ಸ್ಪೀಕರಿನಲ್ಲಿ ಮೊದಲು ನೋಡಬೇಕಾದ ಗುಣ, ಹೊಡೆದ ಸದ್ದನ್ನು ಅದು ಎಷ್ಟು ಬೇಗ ನಿಲ್ಲಿಸುತ್ತದೆ ಎನ್ನುವುದು. ಎಷ್ಟು ಜೋರು ಎನ್ನುವ ಪ್ರಶ್ನೆ ಅದರ ನಂತರದ್ದು.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ನಿಮಿಷಕ್ಕೆ 200 ಬೀಟ್ ವೇಗದ ಹಾಡಿನಲ್ಲಿ ಡ್ರಮ್ಮರ್ ಎರಡು ಕಾಲಿನಲ್ಲಿ ಒಂದೇ ಸಮನೆ ಕಿಕ್ ಡ್ರಮ್ ತುಳಿಯುತ್ತಿದ್ದಾನೆ, ಬೀಟಿಗೆ ನಾಲ್ಕರಂತೆ. ನಿಮಿಷಕ್ಕೆ 800 ಏಟು, ಅಂದರೆ ಏಟಿನಿಂದ ಏಟಿಗೆ 75 ಮಿಲಿಸೆಕೆಂಡ್. 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಸದ್ದಿನ, ಒಂದು ಅಲೆಗೇ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಸ್ಪೀಕರ್ ಪೆಟ್ಟಿಗೆಯೋ ಕೋಣೆಯೋ ಆ ಅಲೆಯನ್ನು ಕಾಲು ಸೆಕೆಂಡು ಎಳೆದರೂ ಸಾಕು, ಮೊದಲ ಏಟಿನ ಬಾಲ ನಾಲ್ಕನೆಯ ಏಟಿನ ತಲೆಯ ಮೇಲೆ ಬಂದು ಕೂತಿರುತ್ತದೆ. ನಿಧಾನದ ಹಾಡಿನಲ್ಲಿ ಅದೇ ಬಾಲ ಇಂಪಾಗಿಯೇ ಕೇಳಬಹುದು. ಮೆಟಲ್‌ನಲ್ಲಿ ಮಾತ್ರ ಅದು ಹಾಡನ್ನೇ ನುಂಗುತ್ತದೆ.

ಗಿಟಾರಿನ ಕಥೆ ಬೇರೆ. ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು 82 ಹರ್ಟ್ಸ್‌ನಲ್ಲಿ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡಿದ್ದ ಬ್ಲ್ಯಾಕ್ ಸಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಐಯೋಮಿ, 1971ರ ಮೂರನೆಯ ಆಲ್ಬಮ್‌ಗೆ ತಂತಿ ಸಡಿಲಿಸಿ ಶ್ರುತಿಯನ್ನು ಮೂರು ಸ್ವರಸ್ಥಾನ ಇಳಿಸಿದರು. ಅಲ್ಲಿಗೆ ಅದು 69 ಹರ್ಟ್ಸ್. ಈಗಿನ ಏಳು ತಂತಿಯ ಗಿಟಾರು 62ಕ್ಕೆ ಇಳಿಯುತ್ತದೆ, ಐದು ತಂತಿಯ ಬೇಸ್ ಗಿಟಾರು 31ಕ್ಕೆ. ಆದರೆ ಡಿಸ್ಟಾರ್ಷನ್ ಹಾಕಿ ಸದ್ದನ್ನು ಒರಟು ಮಾಡಿದ ಗಿಟಾರಿನ ಜೀವ ಇರುವುದು ಮೇಲೆ, ಸುಮಾರು 100ರಿಂದ 5,000 ಹರ್ಟ್ಸ್‌ವರೆಗೆ. ಗಿಟಾರ್ ಆಂಪ್‌ನ (ಆಂಪ್ಲಿಫೈಯರ್) 12 ಇಂಚಿನ ಸ್ಪೀಕರು ತಾನೇ 5,000 ದಾಟಿದ ಮೇಲೆ ಬೇಗ ಇಳಿದುಬಿಡುತ್ತದೆ. ಕಿಕ್ ಡ್ರಮ್ಮಿನ 'ಟಕ್' ಅನ್ನುವ ಮೊನೆಯೂ 2,000ದಿಂದ 5,000ದ ನಡುವೆಯೇ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು ಅಲ್ಲೇ, ಮನೆಯ ಸ್ಪೀಕರುಗಳಲ್ಲಿ ವೂಫರ್ (ತಗ್ಗಿನ ಸದ್ದಿನ ಕೋನು) ಬಿಟ್ಟುಕೊಟ್ಟು ಟ್ವೀಟರ್ (ಮೇಲಿನ ಸದ್ದಿನದು) ಎತ್ತಿಕೊಳ್ಳುವ ಜಾಗವೂ ಬಹುಮಟ್ಟಿಗೆ ಅಲ್ಲೇ. ಆ ಕೈಬದಲಾವಣೆ ಒರಟಾಗಿದ್ದರೆ ಅರ್ಧ ಗಂಟೆಯೊಳಗೆ ತಲೆ ಸಿಡಿಯುತ್ತದೆ.

ಮೊದಲು ಮನೆ, ಆಮೇಲೆ ಸ್ಪೀಕರ್

ಹಾಸನದ ಹೊಸ ಬಡಾವಣೆಗಳ ಮನೆ ಅಂದರೆ ಆರ್‌ಸಿಸಿ ಛಾವಣಿ, ವಿಟ್ರಿಫೈಡ್ ಟೈಲ್ಸ್ ನೆಲ, ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಹತ್ತಡಿ ಎತ್ತರ. ಸದ್ದು ಹನ್ನೆರಡು ಅಡಿಯ ಎರಡು ಗೋಡೆಗಳ ನಡುವೆ ಓಡಾಡುವಾಗ 47 ಹರ್ಟ್ಸ್ ಸುತ್ತಮುತ್ತ ಉಬ್ಬುತ್ತದೆ, ಹತ್ತು ಅಡಿಯ ನಡುವೆ 56ರಲ್ಲಿ. ಅಗಲವೂ ಎತ್ತರವೂ ಹತ್ತೇ ಅಡಿ ಆದಾಗ 56ರ ಉಬ್ಬು ದುಪ್ಪಟ್ಟು. ಕಿಕ್ ಡ್ರಮ್ಮಿನ ಬುಡದ ಸದ್ದು ಬೀಳುವುದೂ ಸರಿಯಾಗಿ ಅಲ್ಲಿಗೇ. ಕಾಂಕ್ರೀಟು ಅದನ್ನು ಹೊರಗೆ ಬಿಡುವುದಿಲ್ಲ, ಒಳಗೇ ಇಟ್ಟುಕೊಂಡು ಸುತ್ತಿಸುತ್ತದೆ.

ಮಲೆನಾಡಿನ ಹಂಚಿನ ಮನೆಯ ಸ್ವಭಾವವೇ ಬೇರೆ. ಮೂಡಿಗೆರೆ ಕಡೆ ತೋಟದ ಮನೆಯೊಂದರಲ್ಲಿ ಗೆಳೆಯನ ಆರೂವರೆ ಇಂಚಿನ ವೂಫರಿನ ಬುಕ್‌ಶೆಲ್ಫ್ (ಕಪಾಟಿನ ಮೇಲಿಡುವಷ್ಟು ಸಣ್ಣ) ಸ್ಪೀಕರುಗಳಿವೆ. ಅವೇ ಜೋಡಿ ಮೊದಲು ಹಾಸನದಲ್ಲಿ ಅವನ ಮನೆಯ ಮಹಡಿ ಕೋಣೆಯಲ್ಲಿದ್ದವು. ಆಗ ಅವನ ತಾಯಿ ಕೆಳಗಿನಿಂದಲೇ ಕೂಗುತ್ತಿದ್ದರು, "ಏನೋ ಮಗ, ಮೇಲೆ ಹಿಟ್ಟಿನ ಗಿರಣಿ ಓಡ್ದಂಗೆ ಐತಲ್ಲೋ!" ಅವರು ಹೇಳಿದ್ದು ಅಕ್ಷರಶಃ ನಿಜ, ಡಬಲ್ ಕಿಕ್ ಶುರುವಾದರೆ ಏಟುಗಳೇ ಇರಲಿಲ್ಲ, ಒಂದೇ ಗರ್ರ್ ಅನ್ನುವ ಸದ್ದು. ತೋಟದ ಮನೆಯಲ್ಲಿ ಜಗಲಿ ಪಕ್ಕದ ಉದ್ದನೆಯ ಕೋಣೆ, ಮೇಲೆ ಮರದ ಅಟ್ಟ, ಅದರ ಮೇಲೆ ಮಂಗಳೂರು ಹಂಚು. ಅಲ್ಲಿ ಅದೇ ಹಾಡು ಹಾಕಿದಾಗ ಪ್ರತಿ ಏಟೂ ಬಿಡಿಬಿಡಿಯಾಗಿ ಬಂತು. ಬೇಸ್ ಗಿಟಾರು ಗಿಟಾರಿನಿಂದ ಬೇರೆಯಾಗಿ, ಎಡಗಡೆ ಸ್ಪೀಕರಿನಿಂದ ಸ್ವಲ್ಪ ಒಳಕ್ಕೆ ನಿಂತಿತು. ಹಂಚಿನ ಸಂದಿಯಿಂದ, ಹಲಗೆಯಿಂದ ತಗ್ಗಿನ ಸದ್ದು ಹೊರಗೆ ಹರಿದುಹೋಗುತ್ತದೆ, ಹಾಗಾಗಿ ಒಳಗೆ ತುಂಬಿಕೊಳ್ಳುವುದಿಲ್ಲ. ಅದಕ್ಕೆ ತೆರುವ ಬೆಲೆಯೂ ಇದೆ. 50 ಹರ್ಟ್ಸ್‌ಗಿಂತ ಕೆಳಗಿನ ತೂಕ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಹಂಚಿನ ಮೇಲೆ ಜಡಿಮಳೆ ಹಿಡಿದರೆ ಸಿಂಬಲ್ ಸದ್ದು ಮುಳುಗೇ ಹೋಗುತ್ತದೆ. ತಗಡಿನ ಮಾಡಾದರೆ ಮಳೆ ನಿಲ್ಲುವವರೆಗೆ ಹಾಡು ಹಾಕುವುದೇ ಬೇಡ.

ಆದ್ದರಿಂದ ಒಂದೇ ಸ್ಪೀಕರ್ ಇಬ್ಬರಿಗೂ ಹೇಳುವುದು ಸರಿಯಲ್ಲ. ಆರ್‌ಸಿಸಿ ಕೋಣೆಯವರು ಚಿಕ್ಕದರ ಕಡೆ ವಾಲಬೇಕು, ಹಂಚಿನ ಮನೆಯವರು ದೊಡ್ಡದರ ಕಡೆ.

ಬೇಗ ಬದಿಗಿಡಬಹುದಾದವು

ಬಣ್ಣದ ದೀಪ ಮಿನುಗುವ ಬ್ಲೂಟೂತ್ ಪಾರ್ಟಿ ಸ್ಪೀಕರ್: ಮದುವೆ ಮನೆ ಅಂಗಳಕ್ಕೆ, ಗಣಪತಿ ಪೆಂಡಾಲಿಗೆ ಸರಿ. ಬೇಸನ್ನು ಕೃತಕವಾಗಿ ಉಬ್ಬಿಸಿಯೇ ಕಳಿಸಿರುತ್ತಾರೆ, ಬಟನ್ ಒತ್ತಿದರೂ ಪೂರ್ತಿ ಇಳಿಯುವುದಿಲ್ಲ. ಸೌಂಡ್‌ಬಾರ್: ಟಿವಿಯ ಮಾತು ಸ್ಪಷ್ಟವಾಗಿ ಕೇಳಿಸಲು ಮಾಡಿದ್ದು. ಎಡ ಗಿಟಾರು, ಬಲ ಗಿಟಾರು ಬೇರೆಬೇರೆ ನಿಲ್ಲಬೇಕಾದ ಸಂಗೀತಕ್ಕೆ ಅದರ ಅಗಲ ಸಾಲದು. ಜೊತೆಗೆ ಬರುವ ಸಬ್‌ವೂಫರಿಗೂ (ತಗ್ಗಿನ ಸದ್ದಿಗೆ ಮಾತ್ರ ಇರುವ ಪೆಟ್ಟಿಗೆ) ಬಾರಿಗೂ ನಡುವೆ 150–200 ಹರ್ಟ್ಸ್ ಆಸುಪಾಸಿನಲ್ಲಿ ಎಷ್ಟೋ ಸಲ ಕುಳಿ ಬಿದ್ದಿರುತ್ತದೆ, ರಿಫ್ಫಿನ ಮಾಂಸ ಇರುವುದೇ ಆ ಕುಳಿಯಲ್ಲಿ. ಒಂದೇ ಡಬ್ಬಿಯಲ್ಲಿ ಬರುವ 5.1 ಹೋಮ್ ಥಿಯೇಟರ್‌ನ ದುಡ್ಡು ಆರು ಪೆಟ್ಟಿಗೆಗಳಿಗೆ ಹಂಚಿಹೋಗಿರುತ್ತದೆ. ಮೆಟಲ್ ಆಲ್ಬಮ್‌ಗಳು ಹೆಚ್ಚೂಕಡಿಮೆ ಎಲ್ಲವೂ ಸ್ಟೀರಿಯೋ, ಅಷ್ಟೇ ದುಡ್ಡನ್ನು ಎರಡು ಒಳ್ಳೆಯ ಪೆಟ್ಟಿಗೆಗೆ ಹಾಕಿ.

ನಿಜವಾದ ಸ್ಪರ್ಧೆ ಇರುವುದು ಮೂರರ ನಡುವೆ: ಆಂಪ್ ಒಳಗೇ ಇರುವ ಪವರ್ಡ್ ಬುಕ್‌ಶೆಲ್ಫ್, ಸ್ಟುಡಿಯೋ ಮಾನಿಟರ್ (ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಬಳಸುವ ಬಗೆಯದು), ಮತ್ತು ಬೇರೆ ಆಂಪ್ ಬೇಡುವ ಪ್ಯಾಸಿವ್ ಸ್ಪೀಕರ್.

ಪವರ್ಡ್ ಸ್ಪೀಕರ್, ಸ್ಟುಡಿಯೋ ಮಾನಿಟರ್

ಕೈಯಲ್ಲಿರುವುದು ಹತ್ತು ಹದಿನೈದು ಸಾವಿರವಾದರೆ ಎಡಿಫೈಯರ್ ಆರ್1280ಟಿ ಥರದ ಜೋಡಿ ಸಾಕು. 4 ಇಂಚಿನ ವೂಫರ್, 42 ವ್ಯಾಟ್, ಗಾಳಿಯ ಪೋರ್ಟ್ (ಪೆಟ್ಟಿಗೆಯ ಗಾಳಿಕೊಳವೆಯ ಬಾಯಿ) ಮುಂದಕ್ಕೆ ಇರುವುದರಿಂದ ಗೋಡೆ ಹತ್ತಿರ ಇಟ್ಟರೂ ಅಷ್ಟಾಗಿ ಕೆಡುವುದಿಲ್ಲ. ಬದಿಯಲ್ಲಿ ಬೇಸ್, ಟ್ರೆಬಲ್ ತಿರುಪುಗಳಿವೆ. ಹಾಸ್ಟೆಲ್ಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಧಾನಗತಿಯ ಡೂಮ್ ಮೆಟಲ್‌ನ ಆಳ ಇದರಿಂದ ಬರುವುದಿಲ್ಲ, ವೇಗದ ಥ್ರ್ಯಾಶ್ ಮೆಟಲ್ ಚೆನ್ನಾಗಿ ಬರುತ್ತದೆ.

ಇನ್ನೊಂದಷ್ಟು ಕೂಡಿಸಿಕೊಂಡರೆ ಸ್ಟುಡಿಯೋ ಮಾನಿಟರ್. ಸಣ್ಣ ಆರ್‌ಸಿಸಿ ಕೋಣೆಯಲ್ಲಿ, ಮೇಜಿನ ಮುಂದೆ ಕೂತು ಕೇಳುವವರಿಗೆ ಇದಕ್ಕಿಂತ ಒಳ್ಳೆಯದು ಆ ದುಡ್ಡಿಗೆ ಇಲ್ಲ ಎಂದೇ ನನ್ನ ಅಭಿಪ್ರಾಯ. ವೂಫರಿಗೊಂದು, ಟ್ವೀಟರಿಗೊಂದು ಬೇರೆಬೇರೆ ಆಂಪ್, ಹಾಗಾಗಿ ಹಿಡಿತ ಗಟ್ಟಿ. ಯಮಹಾ ಎಚ್‌ಎಸ್5ರಲ್ಲಿ 5 ಇಂಚಿನ ವೂಫರ್, 54 ಹರ್ಟ್ಸ್‌ವರೆಗೆ ಇಳಿಯುತ್ತದೆ. ಎಚ್‌ಎಸ್8ರಲ್ಲಿ 8 ಇಂಚು, 38 ಹರ್ಟ್ಸ್. ಎರಡೂ ಅಂಕಿ ಸದ್ದು 10 ಡೆಸಿಬೆಲ್ ಇಳಿದ ಜಾಗದ್ದು ಎಂಬುದು ನೆನಪಿರಲಿ, ಸ್ಪೆಸಿಫಿಕೇಶನ್ ಓದುವಾಗ ಈ ಸಣ್ಣ ಅಕ್ಷರವನ್ನು ಬಿಡಬಾರದು. ಹತ್ತು–ಹನ್ನೆರಡು ಅಡಿಯ ಕೋಣೆಗೆ 8 ಇಂಚು ಬೇಡ, ಮೇಲೆ ಹೇಳಿದ 47 ಮತ್ತು 56ರ ಉಬ್ಬನ್ನು ಅದು ಇನ್ನಷ್ಟು ಕೆಣಕುತ್ತದೆ. 5 ಇಂಚಿನದು ತಗೊಂಡು ಹಿಂದಿನ 'ರೂಮ್ ಕಂಟ್ರೋಲ್' ಸ್ವಿಚ್ಚಿನಿಂದ ತಗ್ಗಿನ ಸದ್ದನ್ನು 2 ಅಥವಾ 4 ಡೆಸಿಬೆಲ್ ಇಳಿಸಿ. ಜೆಬಿಎಲ್ 305ಪಿ ಮಾರ್ಕ್ 2ರಲ್ಲೂ ಇಂಥದ್ದೇ ಸ್ವಿಚ್ಚಿದೆ, ಗೋಡೆಗೆ ಹತ್ತಿರ ಇಟ್ಟಾಗ 1.5 ಅಥವಾ 3 ಡೆಸಿಬೆಲ್ ಕಡಿಮೆ ಮಾಡಲು. ಎರಡರಲ್ಲಿ ಯಮಹಾ ಕಟು, ಜೆಬಿಎಲ್ ಕೊಂಚ ಸೌಮ್ಯ. ಕೆಟ್ಟದಾಗಿ ರೆಕಾರ್ಡ್ ಆದ ಬ್ಲ್ಯಾಕ್ ಮೆಟಲ್ ಹೆಚ್ಚು ಕೇಳುವವರಿಗೆ ಜೆಬಿಎಲ್ ಹಿತ. ಮಾನಿಟರುಗಳಲ್ಲಿ ಹಾಡು ನಿಂತಾಗ ಟ್ವೀಟರಿನಿಂದ ಸಣ್ಣಗೆ 'ಸ್ಸ್' ಕೇಳುವುದುಂಟು. ಮೂರಡಿ ದೂರ ಕೂತು ರಾತ್ರಿ ಮೆಲ್ಲಗೆ ಕೇಳುವವರು ಕೊಳ್ಳುವ ಮೊದಲೇ ಅದನ್ನು ಪರೀಕ್ಷಿಸಿ.

ಪ್ಯಾಸಿವ್ ಜೋಡಿ ಮತ್ತು ಆಂಪ್

ತೋಟದ ಮನೆಯಲ್ಲಿ ಇರುವವರಿಗೆ ನನ್ನ ಮತ ಪ್ಯಾಸಿವ್ ಸ್ಪೀಕರಿಗೆ, ಮುಖ್ಯ ಕಾರಣ ಕರೆಂಟು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲು, ಏರಿಳಿಯುವ ವೋಲ್ಟೇಜು, ಜನರೇಟರಿಗೆ ಬದಲಾಗುವಾಗಿನ ಹೊಡೆತ, ಇವು ಮೊದಲು ಸುಡುವುದು ಎಲೆಕ್ಟ್ರಾನಿಕ್ ಬೋರ್ಡನ್ನು. ಪವರ್ಡ್ ಸ್ಪೀಕರಿನ ಬೋರ್ಡು ಸುಟ್ಟರೆ ಪೆಟ್ಟಿಗೆಯನ್ನೇ ಬೆಂಗಳೂರಿಗೆ ಹೊತ್ತೊಯ್ಯಬೇಕು, ಬದಲಿ ಬೋರ್ಡ್ ಬರುವವರೆಗೆ ಕಾಯಬೇಕು. ಪ್ಯಾಸಿವ್ ಆದರೆ ಸುಡುವುದು ಆಂಪ್ ಮಾತ್ರ. ಹಳೆಯ ಮಾದರಿಯ ಟ್ರಾನ್ಸ್‌ಫಾರ್ಮರ್ ಆಂಪನ್ನು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಒಳ್ಳೆಯ ಮೆಕ್ಯಾನಿಕ್ ಬಿಚ್ಚಿ ಸರಿಮಾಡುತ್ತಾರೆ, ಅಲ್ಲಿಯವರೆಗೆ ಬೇರೆ ಆಂಪ್ ಹಾಕಿ ಕೇಳುತ್ತಿರಬಹುದು. ಯಾವುದನ್ನೇ ಕೊಂಡರೂ ಸ್ಟೆಬಿಲೈಸರ್ ಹಾಕಿ, ಅರ್ಥಿಂಗ್ ಸರಿಯಿದೆಯಾ ನೋಡಿಸಿ, ಗುಡುಗು ಶುರುವಾದರೆ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬರುತ್ತದೆ.

ಸ್ಪೀಕರಿನ ಆಯ್ಕೆಯಲ್ಲಿ ಸೆನ್ಸಿಟಿವಿಟಿ ಎನ್ನುವ ಅಂಕಿಯನ್ನು ನೋಡಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎನ್ನುವುದು ಅದು. 86ರ ಸ್ಪೀಕರಿಗೂ 92ರ ಸ್ಪೀಕರಿಗೂ 6 ಡೆಸಿಬೆಲ್ ವ್ಯತ್ಯಾಸ. ಕೇಳಲು ಸಣ್ಣದೆನಿಸಿದರೂ ಮೊದಲನೆಯದಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು. ಉದ್ದನೆಯ ಹಂಚಿನ ಹಾಲ್‌ನಲ್ಲಿ ಹನ್ನೆರಡು ಅಡಿ ದೂರ ಕೂರುವವರಿಗೆ ಇದು ಮುಖ್ಯ. ಮೆಟಲ್‌ನಲ್ಲಿ ಇನ್ನೊಂದು ತೊಡಕಿದೆ. ಈಚಿನ ಆಲ್ಬಮ್‌ಗಳನ್ನು ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಒತ್ತಿ ಒತ್ತಿ ಜೋರು ಮಾಡಿರುತ್ತಾರೆ. ಮೆಟಾಲಿಕಾದ 2008ರ ಆಲ್ಬಮ್ ಹೀಗೆ ಒತ್ತಿ ಸದ್ದು ಒಡೆದದ್ದಕ್ಕೇ ಕುಖ್ಯಾತಿ ಪಡೆಯಿತು. ವಿಡಿಯೋ ಗೇಮ್‌ಗೆ ಕೊಟ್ಟಿದ್ದ ಅದೇ ಹಾಡುಗಳು ಸಿ.ಡಿ.ಗಿಂತ ಚೆನ್ನಾಗಿವೆ ಎಂದು ಅಭಿಮಾನಿಗಳೇ ಹುಡುಕಿ ತೋರಿಸಿದರು. ಇಂಥ ಸಂಗೀತದಲ್ಲಿ ಏರಿಳಿತ ಕಡಿಮೆ, ಆಂಪಿಗೂ ಸ್ಪೀಕರಿನ ಕಾಯಿಲ್‌ಗೂ (ಕೋನನ್ನು ಅಲುಗಿಸುವ ತಂತಿಸುರುಳಿ) ಉಸಿರಾಡಲು ಬಿಡುವಿಲ್ಲ, ಬಿಸಿ ಏರುತ್ತಲೇ ಹೋಗುತ್ತದೆ. ಸಣ್ಣ ಆಂಪನ್ನು ಕೊನೆಯವರೆಗೆ ತಿರುಗಿಸಿದರೆ ಸದ್ದು ಒಡೆಯುತ್ತದೆ, ಒಡೆದ ಸದ್ದು ಟ್ವೀಟರನ್ನು ಸುಡುತ್ತದೆ. ಚಾನಲ್ಲಿಗೆ 50 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ನಿಜವಾಗಿ ಕೊಡುವ ಆಂಪ್ ಇರಲಿ. ಡಬ್ಬಿಯ ಮೇಲಿನ 'ಪಿಎಂಪಿಒ' (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂಬ ಸಾವಿರಗಳನ್ನು ನಂಬಬೇಡಿ.

ಬ್ರ್ಯಾಂಡುಗಳ ಸ್ವಭಾವ ಹೇಳುವುದಾದರೆ, ಕ್ಲಿಪ್ಶ್ 1946ರಿಂದ ಕಹಳೆಯಾಕಾರದ ಹಾರ್ನ್‌ಗೆ ಹೆಸರಾದದ್ದು. ಕಡಿಮೆ ವ್ಯಾಟಿಗೆ ಹೆಚ್ಚು ಸದ್ದು, ಸ್ನೇರ್ ಡ್ರಮ್ಮಿನ ಏಟು ಮುಖಕ್ಕೇ ಬಡಿಯುವಂತಿರುತ್ತದೆ. ಐರನ್ ಮೇಡನ್‌ನಂಥ, ಚೆನ್ನಾಗಿ ರೆಕಾರ್ಡ್ ಆದ ಹಳೆಯ ಮೆಟಲ್‌ಗೆ ಸೊಗಸು. ಒತ್ತಿ ಜೋರು ಮಾಡಿದ ಆಲ್ಬಮ್‌ಗಳನ್ನು, ಅದರಲ್ಲೂ ಬೋಳು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಬಹಳ ಹೊತ್ತು ಕೇಳುವುದು ಕಷ್ಟ. ಕೆಇಎಫ್ 1988ರಿಂದ ವೂಫರಿನ ನಡುವೆಯೇ ಟ್ವೀಟರ್ ಕೂರಿಸುತ್ತಾ ಬಂದಿದೆ. ಒಂದೇ ಬಿಂದುವಿನಿಂದ ಸದ್ದು ಬರುವುದರಿಂದ ಎರಡು ಗಿಟಾರುಗಳ ನಡುವಿನ ಗೆರೆ ಸ್ಪಷ್ಟ, ಆದರೆ ಕ್ಯೂ150ಯಂಥ ಸಣ್ಣವು 86 ಡೆಸಿಬೆಲ್, ಗಟ್ಟಿ ಆಂಪ್ ಕೇಳುತ್ತವೆ. ವಾರ್ಫ್‌ಡೇಲ್ ಮೇಲಿನ ಸ್ವರಗಳನ್ನು ಮೆದು ಮಾಡಿ ಕೊಡುತ್ತದೆ. ಒರಟು ರೆಕಾರ್ಡಿಂಗಿಗೆ ಅದು ವರ, ಥ್ರ್ಯಾಶ್‌ಗೆ ಸ್ವಲ್ಪ ಸಪ್ಪೆ. ನನಗೆ ಒಂದೇ ಆರಿಸು ಎಂದರೆ ಕೆಇಎಫ್.

ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರುಗಳು ಹಂಚಿನ ಮನೆಯ ದೊಡ್ಡ ಹಾಲಿಗೆ ತಕ್ಕವು. ಮರದ ಹಲಗೆ ನೆಲವಾದರೆ ಅಡಿಗೆ ಗ್ರಾನೈಟ್ ತುಂಡು ಹಾಕಿ, ಇಲ್ಲವಾದರೆ ಹಲಗೆಯೇ ಡ್ರಮ್ ಆಗುತ್ತದೆ. ಹತ್ತು ಅಡಿ ಕೋಣೆಗೆ ಟವರ್ ತರಬೇಡಿ, ಎಷ್ಟೇ ಡಿಸ್ಕೌಂಟ್ ಇರಲಿ.

ಪೋರ್ಟ್ ಇರುವುದೋ, ಮುಚ್ಚಿದ ಪೆಟ್ಟಿಗೆಯೋ

ಪೋರ್ಟ್ ಇರುವ ಪೆಟ್ಟಿಗೆ ಗಾಳಿಯ ಕೊಳವೆಯ ಸಹಾಯದಿಂದ ತಗ್ಗಿನ ಸದ್ದನ್ನು ಹಿಗ್ಗಿಸುತ್ತದೆ, ಆ ಗಾಳಿ ಶುರುವಾಗಲೂ ನಿಲ್ಲಲೂ ತುಸು ತಡ. ಮುಚ್ಚಿದ ಪೆಟ್ಟಿಗೆ ಅಷ್ಟು ಆಳಕ್ಕೆ ಜೋರಾಗಿ ಹೋಗದಿದ್ದರೂ ಸ್ವರ ತಗ್ಗಿದಂತೆ ಅದರ ಜೋರು ಮೆಲ್ಲಗೆ ಕಡಿಮೆಯಾಗುತ್ತದೆ, ಒಂದು ಸ್ಥಾಯಿ (ಆಕ್ಟೇವ್) ಇಳಿದರೆ 12 ಡೆಸಿಬೆಲ್, ಪೋರ್ಟಿನದಾದರೆ 24. ಏಟು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಯಮಹಾದ ಹಳೆಯ ಎನ್‌ಎಸ್10 ಮಾನಿಟರ್ ಮುಚ್ಚಿದ ಪೆಟ್ಟಿಗೆಯದ್ದು. ರಾಕ್ ಸಂಗೀತದ ಸ್ಟುಡಿಯೋಗಳು ಅದನ್ನು ಅಷ್ಟು ವರ್ಷ ಬಿಡದಿದ್ದುದಕ್ಕೆ ತಗ್ಗಿನ ಸದ್ದು ಬೇಗ ಅಡಗುವ ಗುಣವೂ ಒಂದು ಕಾರಣ. ಈಗ ಮಾರುಕಟ್ಟೆಯಲ್ಲಿ ಮುಚ್ಚಿದ ಬುಕ್‌ಶೆಲ್ಫ್ ಕಡಿಮೆ. ಪೋರ್ಟಿಗೆ ಸ್ಪಂಜಿನ ಬಿರಡೆ ಹಾಕಿದರೆ ಬಹುಪಾಲು ಅದೇ ಫಲ ಸಿಗುತ್ತದೆ. ಸುತ್ತಿದ ಕಾಲುಚೀಲವೂ ಆಗುತ್ತದೆ. ಆರ್‌ಸಿಸಿ ಕೋಣೆಯಲ್ಲಿ ಇದನ್ನು ಮೊದಲ ದಿನವೇ ಮಾಡಿ ನೋಡಿ. ತೋಟದ ಮನೆಯಲ್ಲಿ ಇದಕ್ಕೆ ಇನ್ನೊಂದು ಲಾಭ: ತೆರೆದ ಪೋರ್ಟಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ. ಸ್ಪೀಕರ್ ಸುಮ್ಮನಿರುವಾಗಲಾದರೂ ಬಿರಡೆ ಹಾಕಿಡಿ.

ಸಬ್‌ವೂಫರ್ ಬೇಕೇ? ಡೂಮ್, ಸ್ಲಡ್ಜ್ ಥರದ ನಿಧಾನದ ಮೆಟಲ್ ಕೇಳುವವರಿಗೆ, ಹಂಚಿನ ಮನೆಯವರಿಗೆ ಹೌದು, ಆದರೆ ಮುಚ್ಚಿದ ಪೆಟ್ಟಿಗೆಯದ್ದೇ. ಎಸ್‌ವಿಎಸ್ ಕಂಪನಿಯ ಮಾದರಿಯ ಹೆಸರಿನಲ್ಲಿ 'ಎಸ್‌ಬಿ' ಎಂದಿದ್ದರೆ ಮುಚ್ಚಿದ್ದು, 'ಪಿಬಿ' ಎಂದಿದ್ದರೆ ಪೋರ್ಟಿನದ್ದು. ಥ್ರ್ಯಾಶ್, ಡೆತ್ ಮಾತ್ರ ಕೇಳುವ ಹಾಸನದ ಮಹಡಿ ಕೋಣೆಗೆ ಅದರ ಅಗತ್ಯ ಕಾಣೆ.

ಕೇಳಿ ನೋಡುವ ಬಗೆ

ಕೇಳದೆ ಕೊಳ್ಳಬೇಡಿ. ಒಳ್ಳೆಯ ಡೆಮೋ ಕೋಣೆಗೆ ಬೆಂಗಳೂರಿನವರೆಗೆ ಹೋಗಬೇಕಾಗಬಹುದು, ಹಾಸನದಿಂದ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸು. ನಿಮ್ಮ ಹಾಡನ್ನು ನೀವೇ ಒಯ್ಯಿರಿ, ಬೇಸ್ ಬೂಸ್ಟ್, ಲೌಡ್‌ನೆಸ್ ಎಲ್ಲ ಆಫ್ ಮಾಡಿಸಿ. ಮೊದಲು ವೇಗದ ಡಬಲ್ ಕಿಕ್: ಏಟುಗಳು ಬಿಡಿಯಾಗಿ ಕೇಳುತ್ತವಾ? ಆಮೇಲೆ ಅಂಗೈಯಲ್ಲಿ ತಂತಿ ಅದುಮಿ ನುಡಿಸಿದ ರಿಫ್: 'ಜಗ್' ಎಂದು ನಿಂತ ಮೇಲೆ ಮುಂದಿನ 'ಜಗ್'ವರೆಗೆ ನಡುವೆ ಮೌನ ಇರಬೇಕು, ಅಲ್ಲಿ ಗುಂಯ್ ಇದ್ದರೆ ಆ ಸ್ಪೀಕರ್ ಬೇಡ. ಮೂರನೆಯದು, ಬೇಸ್ ಗಿಟಾರಿನ ಹಾದಿಯನ್ನು ಗಿಟಾರಿನಿಂದ ಬೇರೆ ಮಾಡಿ ಹಿಂಬಾಲಿಸಿ ನೋಡಿ. ಕೊನೆಗೆ ವಾಲ್ಯೂಮ್ ಪೂರಾ ತಗ್ಗಿಸಿ. ಮೆಲ್ಲಗೆ ಹಾಕಿದಾಗಲೂ ರಿಫ್ಫಿನ ಆಕಾರ ಉಳಿದರೆ ಅದು ಒಳ್ಳೆಯ ಸ್ಪೀಕರ್. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದನ್ನು ಕೇಳಿ ಬಂದವರಿಗೆ ಆ ಜೋರು ಮನೆಯಲ್ಲೂ ಬೇಕೆನಿಸುವುದು ಸಹಜ. ಆದರೆ ನಾವು ನಿತ್ಯ ಕೇಳುವುದು ಮನೆಯವರೂ ಅಕ್ಕಪಕ್ಕದವರೂ ತಡೆದುಕೊಳ್ಳುವ ಮಟ್ಟದಲ್ಲಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕಾನೂನಿನ ಮಿತಿಯೇ 45 ಡೆಸಿಬೆಲ್. ಆ ಹೊತ್ತಿಗೆ ಹೆಡ್‌ಫೋನ್.

ಇಡುವಾಗ ಟಿವಿ ಶೋಕೇಸಿನೊಳಗೆ ತುರುಕಬೇಡಿ. ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಸಮತ್ರಿಕೋನವಾಗಲಿ. ಗೋಡೆಯಿಂದ ಎರಡಡಿ ದೂರ ಇಟ್ಟರೆ 140 ಹರ್ಟ್ಸ್ ಹತ್ತಿರ ಸದ್ದು ಸ್ವಲ್ಪ ಕುಸಿಯಬಹುದು, ಅರ್ಧ ಅಡಿ ಅತ್ತಿತ್ತ ಸರಿಸಿ ರಿಫ್ ತುಂಬಿ ಬರುವ ಜಾಗ ಹುಡುಕಿ. ಹತ್ತಿ ಹಾಸಿಗೆ, ದಪ್ಪ ಕರ್ಟನ್, ಪುಸ್ತಕದ ಕಪಾಟು ಸಿಂಬಲ್‌ನ ಕಿರುಚಾಟ ತಗ್ಗಿಸುತ್ತವೆ. ಬೇಸ್‌ನ ಉಬ್ಬಿಗೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ, ಅದಕ್ಕೆ ಕೂರುವ ಜಾಗ ಬದಲಿಸುವುದೇ ಮದ್ದು.

ಮಲೆನಾಡಿನ ಮಳೆಗಾಲಕ್ಕೆ ಒಂದೆರಡು ಮಾತು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಒದ್ದೆ ಗೋಡೆಗೆ ತಾಗಿದರೆ ಅಂಚು ಉಬ್ಬುತ್ತದೆ. ಬಟ್ಟೆ ಹೊದಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ದಿನಾ ಸ್ವಲ್ಪ ಹೊತ್ತು ಹಾಡು ಹಾಕುವುದೇ ಒಳ್ಳೆಯ ಕಾಪು. ಕೋನಿನ ಸುತ್ತಲಿನ ಅಂಚು ರಬ್ಬರಿನದ್ದಾಗಿರಲಿ, ಫೋಮ್ ಆದರೆ ವರ್ಷಗಳಲ್ಲಿ ಪುಡಿಯಾಗುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಜಾಲರಿ ತೆಗೆಸಿ ಆ ಅಂಚನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಬೇಕು. ಪುಡಿ ಅಂಟಿದರೆ ಹೊಸ ಅಂಚು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಕೋನನ್ನು ಎರಡೂ ಕಡೆ ಸಮನಾಗಿ ಒಳಕ್ಕೆ ತಳ್ಳಿದಾಗ ಕೆರೆದ ಸದ್ದು ಬಂದರೆ ಕಾಯಿಲ್ ಸೊಟ್ಟಗಾಗಿದೆ ಎಂದು ಅರ್ಥ, ಅಂಥದ್ದನ್ನು ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.